ಪುಸ್ತಕ ಓದಿ ಚಕ್ಕಡಿ ಓಡಿಸಿದ್ದು

ಓದಿ ಕಲಿಯಲಾಗದ ವಿದ್ಯೆಯೂ ಉಂಟು ಎಂಬ ಮಾತನ್ನು ನಾನು ಇಂದಿಗೂ ಪೂರ್ತಿ ಒಪ್ಪಿಲ್ಲ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ಓದದೆಯೂ ಏನನ್ನೂ ಕಲಿತವರಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಅಕ್ಷರ ಕಂಡರೆ ನಿಂತು ಓದುವ ಚಟ ನನಗೆ ಚಿಕ್ಕಂದಿನಿಂದ ಅಂಟಿಕೊಂಡಿದೆ. ಕನ್ನಡವಾದರೂ ಸರಿ, ಮರಾಠಿಯಾದರೂ ಸರಿ. ಒಮ್ಮೆ ಹಲ್ಲುನೋವಿಗೆ ಮದ್ದನ್ನು ಓದಿಯೇ ತಯಾರಿಸಿಕೊಂಡೆ. ನೋವು ಹೋಯಿತು, ಕೆಲವು ದಿನಗಳ ನಂತರ ಹಲ್ಲೂ ಹೋಯಿತು. ಮದ್ದು ನೋವನ್ನು ಬೇರುಸಹಿತ ತೆಗೆಯುತ್ತದೆ ಎಂದು ಬರೆದಿತ್ತು, ಅದರಲ್ಲಿ ಸುಳ್ಳೇನಿರಲಿಲ್ಲ. ರಾಜೂರಿನಲ್ಲಿ ಹೊಲಮನೆ ಇಟ್ಟುಕೊಂಡು, ಗಜೇಂದ್ರಗಡದ ಪೇಟೆಯಲ್ಲಿ ಹತ್ತಿ ಮಾರಿಕೊಂಡು ಇರುವ ನನ್ನಂಥವನಿಗೆ ಇಷ್ಟೆಲ್ಲ ಓದು ಯಾಕೆ ಎಂದು ಕೇಳಿದವರಿದ್ದಾರೆ. ಯಾಕೆಂದು ನನಗೂ ಗೊತ್ತಿಲ್ಲ.

ಈಗ ಹೇಳಹೊರಟದ್ದು ಎತ್ತಿನ ವಿಷಯ. ಮದುವೆಯಲ್ಲಿ ನನ್ನ ಮಾವನವರು ಒಂದು ಜೋಡಿ ಬಿಳಿ ಎತ್ತು ಕೊಟ್ಟಿದ್ದರು. ಮಾವನವರದು ಸವಡಿ. ಅವರು ಮನುಷ್ಯರ ಕಡೆ ಓರೆಗಣ್ಣಿನಿಂದ ನೋಡಿದರೂ ಎತ್ತುಗಳನ್ನು ನೇರವಾಗಿ ನೋಡುವವರು. ನನ್ನನ್ನು ನೋಡಲು ಬಂದ ದಿನ ಮೊದಲು ನಮ್ಮ ದನದ ಕೊಟ್ಟಿಗೆಗೆ ಹೋಗಿ ಬಂದು, ಆಮೇಲೆ ಪಡಸಾಲೆಯಲ್ಲಿ ಕುಳಿತಿದ್ದ ನನ್ನ ಕಡೆ ತಿರುಗಿದ್ದರು. ಪ್ರತಿ ವರ್ಷ ಕಾರಹುಣ್ಣಿಮೆಗೆ ನಮ್ಮಲ್ಲಿಗೆ ಬರುತ್ತಿದ್ದರು. ಮಗಳನ್ನು ನೋಡಲು ಎಂದು ಹೇಳುತ್ತಿದ್ದರು, ನೋಡುತ್ತಿದ್ದದ್ದು ಎತ್ತುಗಳನ್ನು.

ಕಾರಹುಣ್ಣಿಮೆಯ ಸಂಜೆ ಕರಿ ಹರಿಯುವುದು ಈ ಸೀಮೆಯಲ್ಲೆಲ್ಲ ಇದೆ. ಊರಬಾಗಿಲಿಗೆ, ಅಂದರೆ ಅಗಸಿಗೆ, ಬೇವಿನ ಸೊಪ್ಪು ಸಿಕ್ಕಿಸಿದ ಹಗ್ಗವನ್ನು ಅಡ್ಡ ಕಟ್ಟುತ್ತಾರೆ. ಅದೇ ಕರಿ. ಎತ್ತುಗಳನ್ನು ಓಡಿಸಿಕೊಂಡು ಬಂದು ಅದನ್ನು ಹರಿಯಬೇಕು. ಬಿಳಿ ಎತ್ತು ಹರಿದರೆ ಹಿಂಗಾರಿಯ ಬಿಳಿಜೋಳ ಚೆನ್ನಾಗಿ ಬರುತ್ತದೆ, ಕೆಂದೆತ್ತು ಹರಿದರೆ ಮುಂಗಾರಿ ಪೈರು. ಊರಿನವರು ಇದನ್ನು ನೋಡಿ ಯಾವುದಕ್ಕೆ ಎಷ್ಟು ಹೊಲ ಬಿಡಬೇಕೆಂದು ನಿಶ್ಚಯಿಸುತ್ತಾರೆ. ಬೇರೆ ಊರುಗಳಲ್ಲಿ ಎತ್ತುಗಳನ್ನು ಬರಿದೆ ಓಡಿಸುತ್ತಾರೆ. ನಮ್ಮಲ್ಲಿ ಹಗುರ ಚಕ್ಕಡಿಗೆ ಹೂಡಿ, ಹಳ್ಳದ ಆಚೆಯಿಂದ ಹೊರಟು, ಹಳ್ಳದ ತಿರುವು ದಾಟಿ ಅಗಸಿಗೆ ಬರಬೇಕು. ನಮ್ಮ ತಂದೆ ಇರುವ ತನಕ ನಮ್ಮ ಮನೆಯ ಚಕ್ಕಡಿಗೆ ಒಂದು ಮರ್ಯಾದೆ ಇತ್ತು. ಹಗ್ಗ ನನ್ನ ಕೈಗೆ ಬಂದ ಮೇಲೆ ಅದು ಎಲ್ಲರಿಗಿಂತ ಹಿಂದೆ, ಧೂಳು ಅಡಗಿದ ಮೇಲೆ, ಯಾರದೋ ಮದುವೆಗೆ ಹೊರಟಂತೆ ಬರುತ್ತಿತ್ತು.

ಹೋದ ವರ್ಷದ ಕಾರಹುಣ್ಣಿಮೆಯಂದು ಇದನ್ನು ನೋಡಿ ಮಾವನವರು ಊಟಕ್ಕೆ ಕುಳಿತಾಗ ಮೆಲ್ಲಗೆ ಹೇಳಿದರು: "ಅಳಿಯಂದ್ರ, ನನ್ನ ಎತ್ತು ಹಿಂದ ಬರೂದನ್ನ ನಾ ನೋಡಲಾರೆ. ಬರೂ ವರ್ಷನೂ ಹಿಂಗ ಆತು ಅಂದ್ರ ಎರಡನ್ನೂ ಸವಡಿಗೆ ಹೊಡ್ಕೊಂಡು ಹೋಗ್ತೀನಿ." ಸಿಟ್ಟಿನಿಂದ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಹೇಳಿದರು. ಆ ಎರಡು ಹೋದರೆ ಕೊಟ್ಟಿಗೆಯಲ್ಲಿ ಉಳಿಯುವುದು ನಮ್ಮ ಮನೆಯಲ್ಲೇ ಹುಟ್ಟಿ ಬೆಳೆದ ಒಂಟಿ ಕೆಂದ. ಒಂಟಿ ಎತ್ತಿನಿಂದ ಕೂರಿಗೆ ಹೂಡಲಾಗದು. ಬಿತ್ತನೆಯ ಹೊತ್ತಿಗೆ ಎತ್ತಿಲ್ಲದವನ ಪಾಡನ್ನು ನಾನು ಪುಸ್ತಕದಲ್ಲಿ ಓದಿರಲಿಲ್ಲ, ಆದರೆ ಊಹಿಸಿಕೊಳ್ಳಬಲ್ಲವನಾಗಿದ್ದೆ.

ಅದೇ ಚಳಿಗಾಲದಲ್ಲಿ ಕೆಲಸದ ಮೇಲೆ ನರಗುಂದಕ್ಕೆ ಹೋದಾಗ, ಅಲ್ಲಿ ಕಾರಕೂನನಾಗಿರುವ ನನ್ನ ಗೆಳೆಯನ ಮನೆಯಲ್ಲಿ ಒಂದು ಪುಸ್ತಕ ಸಿಕ್ಕಿತು. ಮರಾಠಿಯದು, ಕಲ್ಲಚ್ಚಿನದು. ಮೊದಲ ಹಾಳೆ ಹರಿದುಹೋಗಿದ್ದರಿಂದ ಬರೆದ ಪುಣ್ಯಾತ್ಮ ಯಾರೆಂದು ತಿಳಿಯಲಿಲ್ಲ. ಸಾಹೇಬರು ಜೋಡುಕುದುರೆಯ ಗಾಡಿಯನ್ನು ಓಟದ ಶರ್ಯತ್ತಿನಲ್ಲಿ ಹೇಗೆ ಓಡಿಸುತ್ತಾರೆ ಎಂಬುದನ್ನು ಚಿತ್ರ ಬರೆದು ವಿವರಿಸಿತ್ತು. ಗೆಳೆಯ ಅದನ್ನು ಮೇಜಿನ ಒಂದು ಕಾಲಿಗೆ ಒತ್ತು ಕೊಟ್ಟಿದ್ದ. ನಾನು ಅದರ ಬದಲಿಗೆ ಒಂದು ಚಪ್ಪಟೆ ಕಲ್ಲು ಹುಡುಕಿಕೊಟ್ಟು ಪುಸ್ತಕ ತಂದೆ.

ಅದರಲ್ಲಿದ್ದ ಮಾತುಗಳು ನಮ್ಮ ಊರಿನ ರೂಢಿಗೆ ಪೂರ್ತಿ ತಿರುಗುಮುರುಗು. ನಮ್ಮವರು ತಿರುವಿಗೆ ಬರುವಾಗ ಬಾರಕೋಲು ಎತ್ತುತ್ತಾರೆ. ಪುಸ್ತಕ ಹೇಳುತ್ತಿತ್ತು: ತಿರುವಿಗೆ ಮೊದಲೇ ತಡೆ, ದಾಟಿದ ಮೇಲೆ ಬಿಡು. ನಮ್ಮವರು ತಿರುವಿನ ಒಳಅಂಚನ್ನು ಹಿಡಿದೇ ಹೋಗುತ್ತಾರೆ, ದಾರಿ ಕಡಿಮೆಯಾಗುತ್ತದೆ ಎಂದು. ಪುಸ್ತಕದ ಪ್ರಕಾರ ಹೊರಗಿನಿಂದ ಬಂದು, ನಡುವೆ ಒಳಅಂಚನ್ನು ಮುಟ್ಟಿ, ಮತ್ತೆ ಹೊರಗೆ ಹರಿಯಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ನೋಟ. ಕುದುರೆಯನ್ನು ನೋಡಬೇಡ, ಗಾಲಿಯನ್ನು ನೋಡಬೇಡ, ಹೋಗಿ ಮುಟ್ಟಬೇಕಾದ ಜಾಗವನ್ನೇ ನೋಡು, ಕೈ ತಾನಾಗಿ ಅಲ್ಲಿಗೇ ಒಯ್ಯುತ್ತದೆ. ಈ ಮಾತು ನನಗೆ ಬಹಳ ಹಿಡಿಸಿತು. ಕೆಲಸದ ಕಡೆ ನೋಡದೆ ದೂರ ನೋಡುತ್ತ ಕೂರುವುದರಲ್ಲಿ ನನಗೆ ಮೊದಲಿನಿಂದಲೂ ಒಳ್ಳೆಯ ರೂಢಿ ಇತ್ತು.

ತಿಳಿಯದ ಕೆಲವು ಮಾತುಗಳನ್ನು ಗಜೇಂದ್ರಗಡದಲ್ಲಿದ್ದ ಒಬ್ಬ ಮುದಿ ರಾವುತನನ್ನು ಕೇಳಿದೆ. ಅವನು ವಿವರಿಸಲು ಶುರುಮಾಡಿ, ತಾನು ಕಂಡ ಕಾಳಗಗಳ ಕಡೆ ಹೊರಳಿದ. ನಾನು ಏನು ಕೇಳಿದೆನೆಂಬುದನ್ನು ಇಬ್ಬರೂ ಮರೆತೆವು. ಆದ್ದರಿಂದ ಅಭ್ಯಾಸವನ್ನು ಮನೆಯಲ್ಲೇ ಇಟ್ಟುಕೊಂಡೆ. ಪಡಸಾಲೆಯ ಎರಡು ಕಂಬಗಳಿಗೆ ಹಗ್ಗ ಕಟ್ಟಿ, ಹೊರಸಿನ ಮೇಲೆ ಕುಳಿತು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಇಲ್ಲದ ತಿರುವಿನಲ್ಲಿ ಎಡಕ್ಕೆ ಬಾಗುವುದು, ಬಲಕ್ಕೆ ಬಾಗುವುದು. ಒಂದು ದಿನ ಹೀಗೆ ಹಳ್ಳ ದಾಟುತ್ತಿದ್ದಾಗ ಹೆಂಡತಿ ಗಂಗವ್ವ ಕಸಬರಿಗೆ ಹಿಡಿದು ಬಂದು, ಬಹಳ ಹೊತ್ತು ನಿಂತು ನೋಡಿದಳು.

"ಗಜೇಂದ್ರಗಡ ಬಂತೇನ್ರಿ?" ಎಂದಳು. "ಬಂದಿದ್ರ ಇಳೀರಿ. ಹೊರಸಿನ ಕೆಳಗ ಕಸ ಹೊಡೀಬೇಕು."

ನಾನು ಇಳಿದೆ. ಅವಳ ಮಾತಿನಲ್ಲಿ ಹಾಸ್ಯವಿತ್ತೋ ಇಲ್ಲವೋ ಎಂದು ತಿಳಿಯುವುದು ನನಗೆ ಯಾವತ್ತೂ ಕಷ್ಟ.

ಪುಸ್ತಕದಲ್ಲಿ ಇನ್ನೊಂದು ಮಾತಿತ್ತು. ಜೋಡಿ ಎಂದರೆ ಹೆಜ್ಜೆ ಕೂಡಬೇಕು, ಬಣ್ಣ ಕೂಡುವುದು ಕಟ್ಟೆಯ ಮೇಲೆ ಕುಳಿತು ನೋಡುವವರಿಗೆ ಮಾತ್ರ ಬೇಕು. ಇದನ್ನು ಓದಿದ ಮೇಲೆ ಮೊದಲ ಬಾರಿಗೆ ನಾನು ನಮ್ಮ ಎತ್ತುಗಳ ಕಾಲು ನೋಡಿದೆ. ಮಾವನವರ ಬಿಳಿ ಜೋಡಿಯಲ್ಲಿ ಒಂದು ಉದ್ದ ಹೆಜ್ಜೆಯದು. ಇನ್ನೊಂದು ಹೊಟ್ಟೆ ತುಂಬಿದ ಸಾಹುಕಾರನ ಹಾಗೆ ಗಿಡ್ಡ ಹೆಜ್ಜೆ ಇಡುತ್ತಿತ್ತು. ಉದ್ದ ಹೆಜ್ಜೆಯದಕ್ಕೆ ಸರಿಜೋಡಿ ನಮ್ಮ ಕೆಂದ. ಎರಡನ್ನೂ ಕೂಡಿಸಿ ಹೂಡಿ ನೋಡಿದೆ, ಎಷ್ಟೋ ವರ್ಷದಿಂದ ಕೂಡಿ ಬಾಳಿದವರ ಹಾಗೆ ನಡೆದವು. ಒಂದು ಬಿಳಿ, ಒಂದು ಕೆಂದ. ಇದರಲ್ಲಿ ಏನಾದರೂ ತೊಡಕಿದೆ ಎಂದು ನನಗೆ ಹೊಳೆಯಲೇ ಇಲ್ಲ. ನಮ್ಮ ಸೀಮೆಯಲ್ಲಿ ಬಣ್ಣ ಕೂಡದ ಜೋಡಿಯನ್ನು ಯಾರೂ ಕರಿಗೆ ತರುವುದಿಲ್ಲ. ಯಾಕೆ ತರುವುದಿಲ್ಲ ಎಂದು ಕೇಳಿಕೊಳ್ಳಬೇಕಾಗಿತ್ತು. ಪುಸ್ತಕದಲ್ಲಿ ಆ ಪ್ರಶ್ನೆ ಇರಲಿಲ್ಲ.

ಕಾರಹುಣ್ಣಿಮೆಯ ದಿನ ಬಂದ ಮಾವನವರು ತಮ್ಮ ಜೋಡಿ ಮುರಿದದ್ದನ್ನು ಕಂಡು ನೀರು ಕೂಡ ಕುಡಿಯದೆ ಅಗಸಿಗೆ ಹೋಗಿ ನಿಂತರು. ನಾನು ಹಳ್ಳದ ಆಚೆಗೆ ಹೋದೆ. ಅಗಸಿಯ ಪಕ್ಕದಲ್ಲಿ ಒಂದು ಬೇವಿನ ಗಿಡವಿದೆ, ದೂರಕ್ಕೂ ಕಾಣುತ್ತದೆ. ಅದರ ಮೇಲೆ ನೋಟ ನೆಟ್ಟು ಹೊರಟೆ. ತಿರುವು ಬಂದಾಗ ಎಲ್ಲರೂ ಎಂದಿನಂತೆ ಬಾರಕೋಲು ಎತ್ತಿ ಒಳಅಂಚಿಗೆ ನುಗ್ಗಿದರು. ನಾನು ಹೊರಗೆ ಸರಿದು ಹಗ್ಗ ಹಿಡಿದೆ. ದಂಡೆಯ ಮೇಲಿದ್ದವರು ನಕ್ಕರು. ಅಷ್ಟರಲ್ಲಿ ಒಳಗೆ ನುಗ್ಗಿದ್ದ ಚಕ್ಕಡಿಗಳು ಒಂದರ ಗಾಲಿಗೆ ಒಂದು ಸಿಕ್ಕಿ, ಎತ್ತುಗಳು ಒಂದರ ಮುಖ ಒಂದು ನೋಡುತ್ತ ನಿಂತವು. ನಾನು ಒಳಅಂಚನ್ನು ಮುಟ್ಟಿ, ಹಗ್ಗ ಸಡಿಲಿಸಿ, ಹೊರಗೆ ಬಿಟ್ಟೆ. ಆಮೇಲೆ ಬೇವಿನ ಗಿಡ ದೊಡ್ಡದಾಗುತ್ತ ದೊಡ್ಡದಾಗುತ್ತ ಬಂತು. ಸೊಪ್ಪಿನ ಹಗ್ಗ ಹರಿದು ಎದೆಗೆ ಬಡಿದಾಗಲೇ ಗೆದ್ದದ್ದು ಗೊತ್ತಾಯಿತು. ಸಂತೋಷವಾಯಿತು ಎಂದು ಹೇಳಲು ಸಂಕೋಚವೇನೂ ಇಲ್ಲ, ಬಹಳ ಸಂತೋಷವಾಯಿತು.

ಅದು ಚಕ್ಕಡಿಯಿಂದ ಇಳಿಯುವ ತನಕ ಮಾತ್ರ ಇತ್ತು. ಯಾವ ಎತ್ತು ಹರಿಯಿತು ಎಂದು ಯಾರೋ ಕೇಳಿದರು. ಬಿಳಿಯದು ಎಂದರು ಕೆಲವರು, ಕೆಂದ ಎಂದರು ಕೆಲವರು. ನೋಡನೋಡುತ್ತ ಊರು ಎರಡಾಯಿತು. ಬಿಳಿಜೋಳದ ಬೀಜ ತೆಗೆದಿಟ್ಟವರಿಗೆಲ್ಲ ಬಿಳಿಯದರ ಕೊಂಬು ಮುಂದೆ ಕಂಡಿತ್ತು, ಮುಂಗಾರಿಯಲ್ಲಿ ಹೆಸರು, ಸಜ್ಜೆ ಬಿತ್ತುವವರಿಗೆಲ್ಲ ಕೆಂದನ ಮೂಗು. ಗೌಡರು ಕಟ್ಟೆಯ ಮೇಲೆ ಕುಳಿತು ನನ್ನನ್ನು ಕರೆಸಿದರು. ಅಷ್ಟರಲ್ಲಿ ಮಾವನವರು ನನ್ನ ಕಿವಿಯ ಹತ್ತಿರ ಬಂದು, ಗೆದ್ದದ್ದು ತಮ್ಮ ಎತ್ತಾದರೆ ಎರಡೂ ನನ್ನಲ್ಲೇ ಇರಲಿ, ಕೆಂದನಾದರೆ ತಮ್ಮ ಎತ್ತು ನನಗೆ ಬೇಕಿಲ್ಲವೆಂದು ಅರ್ಥ ಎಂದು ಹೇಳಿ ಹೋದರು.

"ಎತ್ತಿನ ಬೆನ್ನಿಗೇ ಇದ್ದವರು ನೀವು," ಎಂದರು ಗೌಡರು. "ಊರು ಬಿತ್ತೂದು ನಿಮ್ಮ ಮಾತಿನ ಮ್ಯಾಲೆ ನಿಂತೈತಿ. ಖರೇ ಹೇಳ್ರಿ."

ಆ ಗಳಿಗೆಯಲ್ಲಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಬಿಳಿಯದು ಎಂದುಬಿಟ್ಟರೆ ಎತ್ತು ಉಳಿಯುತ್ತವೆ, ಆದರೆ ಸುಳ್ಳಿನ ಮೇಲೆ ಊರೆಲ್ಲ ಬಿತ್ತಿ, ಬೆಳೆ ಬಾರದಿದ್ದರೆ ನನ್ನ ಗತಿ ಏನು? ಕೆಂದ ಎಂದರೆ ಅದೂ ಸುಳ್ಳೇ, ಮೇಲೆ ಎತ್ತೂ ಹೋದವು. ಯಾವ ಸುಳ್ಳು ಹೇಳಬೇಕೆಂದು ತೋಚದೆ ನಿಜ ಹೇಳಿದೆ.

"ನಾ ನೋಡಲಿಲ್ರಿ ಗೌಡ್ರ. ಬೇವಿನ ಗಿಡ ನೋಡಾಕ ಹತ್ತಿದ್ದೆ. ಪುಸ್ತಕದಾಗ ಹಂಗ ಬರದಾರ."

ಗೌಡರು ಬೇವಿನ ಗಿಡದ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಎರಡೂ ಪಕ್ಷದವರು ಒಟ್ಟಿಗೆ ನಕ್ಕರು. ಊರು ಒಂದಾದದ್ದು ನನ್ನಿಂದಲೇ ಎಂದು ನಾನು ಸಮಾಧಾನ ಮಾಡಿಕೊಂಡೆ. ಯಾರಿಗೆ ಏನು ಬೇಕೋ ಅದನ್ನೇ ಬಿತ್ತಲಿ ಎಂದು ಗೌಡರು ತೀರ್ಪು ಕೊಟ್ಟರು. ಮುಂದಿನ ವರ್ಷದಿಂದ ಒಂದೇ ಬಣ್ಣದ ಜೋಡಿಗೆ ಮಾತ್ರ ಕರಿ ಎಂದೂ ಹೇಳಿದರು. ಹಾಗಾಗಿ ನನ್ನ ವಿದ್ಯೆ ಗೆದ್ದ ದಿನವೇ ಮುಗಿಯಿತು.

ಮರುದಿನ ಬೆಳಿಗ್ಗೆ ಮಾವನವರು ಕೊಟ್ಟಿಗೆಗೆ ಹೋದರು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಅವರು ಗಿಡ್ಡ ಹೆಜ್ಜೆಯ ಬಿಳಿಯದನ್ನು ಮಾತ್ರ ಬಿಚ್ಚಿದರು. ಉಳಿದ ಎರಡರ ನಡುವೆ ನಿಂತು, ಎರಡರ ಕೊರಳ ಗಂಗೆದೊಗಲನ್ನೂ ಸವರಿ, ಮಗಳಿಗೆ ಹೇಳಿದರು: "ಇವೆರಡೂ ಚಲೋ ಕೂಡ್ಯಾವ ತಂಗಿ. ಬಣ್ಣ ಬ್ಯಾರೆ ಅಂತ ಅಗಲಿಸಬ್ಯಾಡ್ರಿ." ನಾನು ಹಳ್ಳದ ತನಕ ಕಳಿಸಲು ಹೋದಾಗ, ಆ ಪುಸ್ತಕದಲ್ಲಿ ಎತ್ತಿನ ಕಾಲಿನ ವಿಷಯ ಇನ್ನೇನು ಬರೆದಿದೆ ಎಂದು ಕೇಳಿದರು. ಎತ್ತಿನ ವಿಷಯ ಒಂದಕ್ಷರವೂ ಇಲ್ಲ ಎಂದು ಹೇಳಲು ನನಗೆ ಧೈರ್ಯವಾಗಲಿಲ್ಲ.

ಮಳೆ ಬಿತ್ತು. ಬಿಳಿ ಎತ್ತನ್ನೂ ಕೆಂದನನ್ನೂ ಕೂರಿಗೆಗೆ ಹೂಡಿದೆವು, ಸಾಲು ನೇರವಾಗಿ ಬಂದವು. ಒಂದು ಸಂಜೆ ರೊಟ್ಟಿ ಮುರಿಯುತ್ತ, ಮನಸ್ಸಿನಲ್ಲಿ ಉಳಿದುಬಿಟ್ಟಿದ್ದ ಮಾತನ್ನು ಹೆಂಡತಿಯನ್ನು ಕೇಳಿದೆ. ಖರೇ ಹೇಳು, ನೀನೂ ಅಗಸಿಗೆ ಬಂದಿದ್ದೆಯಲ್ಲ, ಯಾವುದು ಮುಂದಿತ್ತು?

"ನಾನೂ ಎತ್ತು ನೋಡಲಿಲ್ರಿ," ಎಂದಳು, ಒಲೆಯ ಕಡೆಯಿಂದ ತಿರುಗದೆ. "ನಿಮ್ಮನ್ನ ನೋಡ್ತಿದ್ದೆ. ಎಲ್ಲಿ ಬೀಳ್ತೀರೋ ಅಂತ ಜೀವ ಕೈಯಾಗ ಹಿಡ್ಕೊಂಡಿದ್ದೆ."

ಎಲ್ಲಿ ನಿಂತಿದ್ದೆ ಎಂದು ಕೇಳಿದೆ, ನನಗೆ ಕಾಣಲಿಲ್ಲವಲ್ಲ ಎಂದೆ.

"ಬೇವಿನ ಗಿಡದ ಬುಡಕ," ಎಂದಳು.

ಪುಸ್ತಕವನ್ನು ಮತ್ತೊಮ್ಮೆ ತೆಗೆದು ನೋಡಿದೆ. ಹೋಗಿ ಮುಟ್ಟಬೇಕಾದ ಜಾಗವನ್ನೇ ನೋಡು ಎಂದು ಬರೆದಿದೆ. ಅಲ್ಲಿ ಯಾರಾದರೂ ನಿಂತಿದ್ದರೆ ಅವರನ್ನೂ ನೋಡು ಎಂದು ಬರೆದಿಲ್ಲ.