ಸಾವ್ಕಾರರ ಅಮೆರಿಕಾದವನು

ಕೆಲವರಿಗೆ ಬೇಗ ಸಿಟ್ಟು ಬರುತ್ತದೆ, ಕೆಲವರಿಗೆ ಬೇಗ ನೆಗಡಿ ಬರುತ್ತದೆ. ನನಗೆ ಬೇಗ ಗಾಬರಿಯಾಗುತ್ತದೆ. ಕರೆಂಟು ಹೋದರೆ ಮನೆಮಂದಿಯೆಲ್ಲ ಕಂದೀಲು ಹುಡುಕಲು ಏಳುತ್ತಾರೆ; ನಾನು ಮಾತ್ರ "ಹೋಯಿತೇ!" ಎಂದು ಕೂತಲ್ಲೇ ಬೆಪ್ಪಾಗಿ ಉಳಿಯುತ್ತೇನೆ. ಆಳಂದದಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ, ಬಂದರೆ ಸುದ್ದಿ. ಆದರೂ ಪ್ರತಿ ಸಲ ನನ್ನ ಎದೆ ಧಸಕ್ಕೆನ್ನುತ್ತದೆ. "ನಿಮಗ ದಿನಾ ಮುಂಜಾನಿ ಸೂರ್ಯ ಹುಟ್ಟಿದ್ರೂ ಗಾಬರಿ ಆಗ್ತದರಿ" ಎನ್ನುತ್ತಾಳೆ ನನ್ನ ಹೆಂಡತಿ ಶಾಂತಾ. ಇಂಥ ಪುಕ್ಕಲು ಎದೆಯವನು ಇಂಟರ್ನೆಟ್ಟಿನ ಗೊಡವೆಗೆ ಹೋಗಬಾರದಾಗಿತ್ತು. ಹೋದೆ, ಅನುಭವಿಸಿದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟು. ಒಂದು ಕಾಲಕ್ಕೆ ಕಟಕಟ ಸದ್ದಿಗೆ ಪಕ್ಕದ ಚಹಾದಂಗಡಿಯವನು ಗಿರಾಕಿಯ ಮಾತು ಕೇಳಿಸುವುದಿಲ್ಲ ಎಂದು ಜಗಳಕ್ಕೆ ಬರುತ್ತಿದ್ದ. ಆಮೇಲೆ ಹುಡುಗರೆಲ್ಲ ಕಂಪ್ಯೂಟರು ಕಲಿಯುತ್ತೇವೆಂದು ಕಲಬುರ್ಗಿಯ ಬಸ್ಸು ಹತ್ತಿದರು. ನಾನೂ ಹಿಂದೆ ಬೀಳುವವನಲ್ಲ. ಅದೇ ಬಸ್ಸು ಹತ್ತಿ, ನನ್ನ ವಿದ್ಯಾರ್ಥಿಗಳ ಹಿಂದಿನ ಬೆಂಚಿನಲ್ಲಿ ಕೂತು, ವೆಬ್‌ಸೈಟು ಮಾಡುವುದನ್ನು ಕಲಿತು, ಸೊಸೈಟಿಯಲ್ಲಿ ಸಾಲ ಎತ್ತಿ ಒಂದು ಕಂಪ್ಯೂಟರನ್ನೂ ತಂದೆ. ತಂದದ್ದಾಯಿತು, ಆದರೆ ಆಳಂದದಲ್ಲಿ ವೆಬ್‌ಸೈಟು ಯಾರಿಗೆ ಬೇಕು? "ಅಂಗಡಿ ಬೋರ್ಡು ಇದ್ದಂಗ್ರಿ, ಆದರ ದುನಿಯಾದ ಮಂದಿ ಎಲ್ಲಾ ನೋಡ್ತಾರ" ಎಂದು ಕಿರಾಣಿ ಅಂಗಡಿಯವರಿಗೆ ವಿವರಿಸಿದೆ. "ಊರ ಮಂದಿ ಬೋರ್ಡ್ ನೋಡಿ ಉದ್ರಿ ಕೇಳೂದೇ ಸಾಕಾಗೇದ. ಇನ್ನ ದುನಿಯಾದವ್ರನ್ನ ಬ್ಯಾರೆ ಕರೀಬ್ಯಾಡ್ರಿ ಮಾಸ್ತರ" ಎಂದು ಅವರು ಕೈ ಮುಗಿದರು.

ಉಳಿದವರು ಸಿದ್ರಾಮಪ್ಪ ಸಾವ್ಕಾರರು. ಅವರದು ತೊಗರಿಬೇಳೆ ಮಾಡುವ ದೊಡ್ಡ ದಾಲ್ ಮಿಲ್ಲು. ಸೊಲ್ಲಾಪುರದಲ್ಲಿ ಓದಿಕೊಂಡ ಅಳಿಯನಿದ್ದುದರಿಂದ ವೆಬ್‌ಸೈಟಿನ ಹೆಸರು ಅವರ ಕಿವಿಗೂ ಬಿದ್ದಿತ್ತು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ವಿಷಯ ಎತ್ತಿದೆ. ಅವರು ಚಹಾ ತರಿಸಿದರು, ಬಿಸ್ಕೀಟೂ ತರಿಸಿದರು. ನನಗೆ ಕೆಲಸ ಸಿಕ್ಕೇಬಿಟ್ಟಿತು ಅನ್ನಿಸಿತು. ಆಗ ಅವರು ಹೇಳಿದರು: "ವೆಬ್‌ಸೈಟು ಬೇಕೇ ಬೇಕೋ ಮಾಸ್ತರ. ಆದ್ರ ನಿನ್ನ ಕಡಿಂದ? ಸಣ್ಣವ ಇದ್ದಾಗ ನೀ ಇದೇ ಮಿಲ್ಲಿನ ಮುಂದ ಚಡ್ಡಿ ಇಲ್ದ ಅಡ್ಡಾಡಾಕತ್ತಿದ್ದಿ. ನಾ ಕಣ್ಣಾರ ನೋಡೇನಿ." ಈ ಮಾತಿಗೆ ಎದುರು ವಾದ ಏನಿದೆ, ನೀವೇ ಹೇಳಿ. ಕೈಯಲ್ಲಿದ್ದ ಬಿಸ್ಕೀಟನ್ನು ತಟ್ಟೆಗೇ ವಾಪಸು ಇಟ್ಟೆ. ನಮ್ಮ ಕಡೆ ಯಾರಿಗೇ ಕೆಲಸ ಕೊಡಬೇಕಾದರೂ ಮೊದಲು "ನೀವು ಯಾರ ಪೈಕಿರಿ?" ಎಂದು ಕೇಳುತ್ತಾರೆ. ಗುರುತಿಲ್ಲದವನಿಗೆ ಕೆಲಸವಿಲ್ಲ. ನನ್ನ ಗ್ರಹಚಾರ ನೋಡಿ, ಗುರುತು ಬಹಳ ಹೆಚ್ಚಾಗಿ ಕೆಲಸ ಕೆಟ್ಟಿತು.

ಮನೆಯಲ್ಲಿ ಶಾಂತಾ ಗಡುವು ಹಾಕಿದಳು. ಅವಳ ಸೋದರಮಾವ ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ವಶೀಲಿ ಹಚ್ಚಿ ನನಗೊಂದು ಜಾಗ ಹಿಡಿದಿಟ್ಟಿದ್ದರು: ಕಬ್ಬಿನ ಬಂಡಿ ತೂಗುವ ಕಾಟಾದ ಮೇಲೆ ಕ್ಲರ್ಕು. "ಕಬ್ಬು ನುರಸೂ ಹಂಗಾಮು ಶುರು ಆಗೂತನಕ ನಿಮಗ ಬಿಟ್ಟೇನಿ. ಅಷ್ಟರಾಗ ಈ ಡಬ್ಬಿ ರೊಟ್ಟಿಗಿ ದಾರಿ ಮಾಡಿದ್ರ ಚಲೋ. ಇಲ್ಲಂದ್ರ ಇದನ್ನ ಮಾರಿ ಸುಮ್ಮ ಹವಳಗಾಕ್ಕ ನಡೀರಿ" ಅಂದಳು. ಕಾಟಾದ ಹತ್ತಿರ ಏನು ನಡೆಯುತ್ತದೆ ಎಂದು ನಾನು ಬಲ್ಲೆ. ತೂಕ ಕಡಿಮೆ ಬಂತೆಂದು ಒಬ್ಬ ಕೂಗುತ್ತಾನೆ, ಸರದಿ ತಪ್ಪಿತೆಂದು ಇನ್ನೊಬ್ಬ ಬಾರುಕೋಲು ಎತ್ತುತ್ತಾನೆ. ಕರೆಂಟು ಹೋದರೆ ಬೆಚ್ಚುವ ನಾನು ಅಲ್ಲಿ ಒಂದು ವಾರ ಬದುಕುತ್ತಿರಲಿಲ್ಲ. ನನಗೆ ನಿಜಕ್ಕೂ ಅಳು ಬಂತು.

ಆಗಲೇ ಕಲಬುರ್ಗಿಯ ಸೈಬರ್ ಕೆಫೆಯವನು ಒಂದು ದಾರಿ ತೋರಿಸಿದ. ಇಂಟರ್ನೆಟ್ಟಿನಲ್ಲಿ ಕೆಲಸದ್ದೇ ಒಂದು ಸಂತೆ ಇದೆಯಂತೆ. ಅಮೆರಿಕಾದ ಕಂಪನಿಯೊಂದು ನಡೆಸುವ ಸಂತೆ. ಕೆಲಸ ಮಾಡಿಸುವವರು ಬಂದು "ನನಗೆ ಇಂಥ ವೆಬ್‌ಸೈಟು ಬೇಕು" ಎಂದು ಬರೆದು ಹಾಕುತ್ತಾರೆ. ಮಾಡುವವರು "ಇಷ್ಟಕ್ಕೆ ಮಾಡುತ್ತೇನೆ" ಎಂದು ಕೂಗುತ್ತಾರೆ. ಸವಾಲ್, ಅಂದರೆ ಹರಾಜು ಕೂಗುವುದು, ನನಗೆ ಹೊಸದಲ್ಲ; ತೊಗರಿಯ ಪೇಟೆಯಲ್ಲೇ ಬೆಳೆದವನು. ಆದರೆ ಇಲ್ಲಿ ಎಲ್ಲ ಉಲ್ಟಾ! ಕಡಿಮೆ ಕೂಗಿದವನಿಗೆ ಕೆಲಸ. ನಾನು ಒಂದು ಬೆಲೆ ಹಾಕಿ ಮೂಗು ಒರೆಸಿಕೊಳ್ಳುವುದರೊಳಗೆ ಯಾವನೋ ಅದರ ಅರ್ಧಕ್ಕೆ ಕೂಗಿರುತ್ತಿದ್ದ, ಇನ್ನೊಬ್ಬ ಕಾಲುಭಾಗಕ್ಕೆ. ಶಿವ ಶಿವಾ, ಹೀಗೇ ಬಿಟ್ಟರೆ ಕೆಲಸವನ್ನೂ ಮಾಡಿ ಮೇಲೆ ದಕ್ಷಿಣೆಯನ್ನೂ ಕೊಟ್ಟು ಬರುವವರು ಇವರು! ಶಾಂತಾ ಒಕ್ಕಲುತನದ ಮನೆಯವಳು. ಕೇಳಿ ಕೈಯಲ್ಲಿದ್ದ ರೊಟ್ಟಿಯನ್ನೇ ಮರೆತಳು. "ಕಡಿಮಿ ಕೇಳಿದವ್ಗ ಮಾಲಂತ? ಯಾವ ಹುಚ್ಚ ಸೂಳಿಮಗ ಹಚ್ಚ್ಯಾನರಿ ಈ ಬಜಾರ?" ಅಂದಳು. ರೊಟ್ಟಿ ಹೊತ್ತಿತು.

ಆ ಸಂತೆಯಲ್ಲಿ ಸೇರುವಾಗ ಹೆಸರು ತುಂಬಬೇಕು, ದೇಶ ತುಂಬಬೇಕು. ನಿಜವಾದ ಹೆಸರೇ ಬೇಕೆಂದಿಲ್ಲ ಎಂದು ಕೆಫೆಯವನು ಅಂದದ್ದಕ್ಕೆ ಎರಡು ಇಂಗ್ಲಿಷ್ ಅಕ್ಷರ ಹಾಕಿದೆ. ದೇಶದ ಜಾಗದಲ್ಲಿ ಅಮೆರಿಕಾ ಎಂದು ಮೊದಲೇ ಬರೆದಿತ್ತು. ಬದಲಿಸಲು ಹೋದಾಗಲೆಲ್ಲ ಕಂಪ್ಯೂಟರು ಗರ ಬಡಿದಂತೆ ನಿಂತುಬಿಡುತ್ತಿತ್ತು. ಕೆಫೆಯವನು ತಾಸಿನ ಲೆಕ್ಕಕ್ಕೆ ದುಡ್ಡು ತೆಗೆದುಕೊಳ್ಳುವವನು. ಇರಲಿ ಬಿಡು, ಅಮೆರಿಕಾದಲ್ಲೇ ಇರೋಣ ಎಂದು ಬಿಟ್ಟೆ. ಅನೇಕ ಕೆಲಸಗಳು ಕೈತಪ್ಪಿ, ಕೊನೆಗೆ ಒಂದು ಸಿಕ್ಕಿತು. ಬೇಳೆಕಾಳಿನ ಕಂಪನಿಯದು. ಮಾಡಿಸುವವನ ದೇಶವೂ ಅಮೆರಿಕಾ. ದೊಡ್ಡ ಕೆಲಸ, ಭಾಗ ಭಾಗವಾಗಿ ಮಾಡುವುದು; ಕಂಪನಿಯ ಹೆಸರು, ವಿಳಾಸ ಕೊನೆಯ ಭಾಗಕ್ಕೆ ಕೊಡುತ್ತಾನಂತೆ. ಮುಗಿದರೆ ಹವಳಗಾದ ಮುಖ ನೋಡಬೇಕಿಲ್ಲ. ಅವನು ಒಂದೇ ಒಂದು ಸಲವೂ ನೀನು ಯಾರ ಪೈಕಿ ಎಂದು ಕೇಳಲಿಲ್ಲ. ನನ್ನ ಕಣ್ಣು ತುಂಬಿತು. ಇದಪ್ಪಾ ದೇಶ ಅಂದರೆ! ಇನ್ನೊಂದು ಆಶ್ಚರ್ಯವೆಂದರೆ ಅವನ ಇಂಗ್ಲಿಷು. ಅಮೆರಿಕಾದವರ ಇಂಗ್ಲಿಷು ತಿಳಿಯುವುದಿಲ್ಲ ಎನ್ನುತ್ತಾರೆ. ನನಗೆ ಅಕ್ಷರ ಅಕ್ಷರ ತಿಳಿಯಿತು. ಕೊನೆಗೆ "ಕೈಂಡ್ಲೀ ಡು ದಿ ನೀಡ್‌ಫುಲ್" ಎಂದು ನಮ್ಮ ತಹಸೀಲ್ ಕಚೇರಿಯ ಹಾಗೆಯೇ ಬರೆದಿದ್ದ. ನಮ್ಮ ಕಡೆಯ ವ್ಯಾಪಾರಿಗಳ ಹಾಗೆ ಕೆಲಸವನ್ನು ಅಮಾವಾಸ್ಯೆಯ ದಿನವೇ ಶುರು ಮಾಡಬೇಕು, ಅದು ತಮಗೆ ಶುಭ ಎಂದೂ ಹೇಳಿದ್ದ. "ಅಮೆರಿಕಾದಾಗೂ ಅಮಾಸಿ ಚಲೋ ಅಂತ ನೋಡು!" ಎಂದು ನಾನು ಶಾಂತಾಳಿಗೆ ಬೆರಗಿನಿಂದ ಹೇಳಿದೆ. ಅವಳು ನನ್ನನ್ನೇ ಒಂದು ಗಳಿಗೆ ದಿಟ್ಟಿಸಿ ಒಳಗೆ ಹೋದಳು.

ಮೊದಲ ಭಾಗ ಮುಗಿಸಿ, ವಿವರವಾದ ಪತ್ರವನ್ನೂ ಬರೆದು ಕಳಿಸಿ ಬಂದ ಮೇಲೆ ಸಿದ್ರಾಮಪ್ಪ ಸಾವ್ಕಾರರಿಂದ ಕರೆ ಬಂತು. ಹೋದೆ. ಮಿಲ್ಲಿನ ಗಾದಿಯ ಮೇಲೆ ಹಿಗ್ಗಿ ಹೀರೇಕಾಯಿಯಾಗಿ ಕೂತಿದ್ದರು. "ಬಾರೋ ಮಾಸ್ತರ. ನಿನಗ ಬ್ಯಾಡಂದೆ ಅಂತ ಸಿಟ್ಟಾಗಬ್ಯಾಡ. ನಮ್ಮ ಅಳಿಯ ಸೊಲ್ಲಾಪುರದಾಗ ಕುಂತು ಇಂಟರ್ನೆಟ್ಟಿನಾಗ ಒಬ್ಬ ಅಮೆರಿಕಾದವ್ನ ಹಿಡದಾನ. ಏನ್ ಸಸ್ತಾ ಮಾಡಾಕತ್ತಾನಂತಿ! ಅವ್ನ ಪತ್ರ ಅಳಿಯ ಬಸ್ಸಿನಾಗ ಕಳಸ್ಯಾನ. ಅಳಿಯಗ ಪುರಸೊತ್ತಿಲ್ಲ, ನನಗ ಇಂಗ್ಲೀಷು ಬರೂದಿಲ್ಲ. ಜರಾ ಓದಿ ಹೇಳು" ಎಂದು ಒಂದು ಹಾಳೆ ಕೊಟ್ಟರು.

ಮೊದಲ ಸಾಲು ಓದಿದೆ. ಎಲ್ಲೋ ಓದಿದ ಹಾಗಿದೆಯಲ್ಲ ಅನ್ನಿಸಿತು. ಎರಡನೆಯ ಸಾಲನ್ನು ಎರಡು ಸಲ ಓದಿದೆ. ಮೂರನೆಯ ಸಾಲಿನಲ್ಲಿ ನಾನೇ ತಿದ್ದದೆ ಬಿಟ್ಟ ತಪ್ಪು ನನ್ನನ್ನೇ ನೋಡುತ್ತಿತ್ತು. ಅಲ್ಲೇ ತೊಗರಿ ಚೀಲದ ಮೇಲೆ ಕೂತುಬಿಟ್ಟೆ. ನನ್ನ ಅಮೆರಿಕಾದವನು ಇಲ್ಲೇ, ಎದುರಿಗೇ, ಧೋತರ ಉಟ್ಟು ಎಲೆ ಅಡಿಕೆ ಜಗಿಯುತ್ತಿದ್ದಾನೆ! ಸಮುದ್ರದಾಚೆಯಿಂದ ಬಂದದ್ದೆಂದು ನಾನು ಕಣ್ಣಿಗೊತ್ತಿಕೊಂಡ ಕೆಲಸ ಎರಡು ಓಣಿಯ ಆಚೆಯಿಂದ ಬಂದದ್ದು! ಅವರ ಅಳಿಯನೂ ನನ್ನ ಹಾಗೆ ದೇಶ ಬದಲಿಸದೆ ಬಿಟ್ಟಿದ್ದ. "ಯಾಕೋ, ಏನಾತು? ಅಂವ ಕೆಲಸ ಬಿಡ್ತೇನಿ ಅಂತ ಬರದಾನೇನು?" ಎಂದು ಸಾವ್ಕಾರರೇ ಗಾಬರಿಯಾದರು. "ಇಲ್ರಿ," ಎಂದೆ, "ಭಾಳ ಚಲೋ ಬರದಾನ್ರಿ." ಅದಂತೂ ನನ್ನ ಮನಸ್ಸಿನ ಮಾತೇ ಆಗಿತ್ತು.

ಅಲ್ಲಿಂದ ನನ್ನ ಇಬ್ಬಗೆಯ ಬಾಳು ಶುರುವಾಯಿತು. ನಾನು ಬರೆದ ಪತ್ರವನ್ನು ಸಾವ್ಕಾರರಿಗೆ ನಾನೇ ಓದುವುದು. ಅವರು ಹೇಳಿದ ಉತ್ತರವನ್ನು ನಾನೇ ಇಂಗ್ಲಿಷಿಗೆ ಇಳಿಸುವುದು. ಅದು ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋಗಿ, ಅಳಿಯನ ಕೈಯಿಂದ ಅಮೆರಿಕಾಕ್ಕೆ ಹಾರಿ, ಕಲಬುರ್ಗಿಗೆ ಇಳಿಯುವುದು. ನಾನು ಬಸ್ಸು ಹತ್ತಿ ಹೋಗಿ, ದುಡ್ಡು ಕೊಟ್ಟು, ನಾನೇ ಬರೆದದ್ದನ್ನು ಓದಿ ಬರುವುದು. ಒಮ್ಮೆ ಅಳಿಯ ಅಚ್ಚು ಹಾಕಿಸಿ ಕಳಿಸಿದ ನಮೂನೆ ನೋಡಿ ಸಾವ್ಕಾರರು "ಬಣ್ಣ ಸಾಲವಲ್ದು. ಮಬ್ಬಗ ಬಣ್ಣ ಹಾಕಿದ್ದಕ್ಕ ಅಂವಗ ನಾಕು ಬೈದು ಬರಿ" ಅಂದರು. ನಾನು ಆದಷ್ಟು ಮೆತ್ತಗೆ ಬೈದುಕೊಂಡೆ. ಆದರೂ ಕಲಬುರ್ಗಿಯಲ್ಲಿ ಅದನ್ನು ಓದಿದಾಗ ಮನಸ್ಸಿಗೆ ನೋವಾಯಿತು.

ನೋವು ಇರಲಿ, ನುಂಗಿಕೊಳ್ಳಬಹುದು. ತಡೆಯಲಾರದ್ದು ಹೊಗಳಿಕೆ. "ಬಣ್ಣ ಹೆಚ್ಚಾದ್ರ ಕಣ್ಣಿಗಿ ಚುಚ್ಚತದರಿ" ಎಂದು ನಾನು ನಾನಾಗಿ ಹೇಳಿದರೆ "ನಿನಗೇನ್ ತಿಳೀತದ, ಸುಮ್ಮ ಕುಂಡ್ರು" ಎನ್ನುತ್ತಿದ್ದರು. ಅದೇ ಮಾತನ್ನು ಪತ್ರದಲ್ಲಿ ಬರೆದು ಓದಿ ಹೇಳಿದರೆ "ನೋಡಿದ್ಯಾ? ಅಕ್ಕಲ್ ಅಂದ್ರ ಇದು!" ಎಂದು ತೊಡೆ ತಟ್ಟುತ್ತಿದ್ದರು. ಆಳಂದದ ಪೇಟೆಯಲ್ಲೆಲ್ಲ ಅವನದೇ ಸುದ್ದಿ. ಅಮೆರಿಕಾದವ ಹಿಂಗಂದ, ಅಮೆರಿಕಾದವ ಹಂಗಂದ. ಜೇವರ್ಗಿಯ ಬೀಗರು ಬಂದರು, ಅಫಜಲಪುರದ ಷಡ್ಡಕರು ಬಂದರು. ತಮಗೂ ಅವನ ಕೈಯಿಂದಲೇ ವೆಬ್‌ಸೈಟು ಬೇಕಂತೆ. ನಾನು ಮೂಲೆಯಲ್ಲಿ ಕೂತು ಅವರ ಬೇಡಿಕೆಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಂಡೆ. ನನ್ನ ಮೇಲೆ ನನಗೇ ಇಷ್ಟು ಹೊಟ್ಟೆಕಿಚ್ಚು ಆಗುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

"ಹೇಳಿಬಿಡ್ತೇನಿ" ಎಂದೆ ಶಾಂತಾಳಿಗೆ. "ತಲಿ ನೆಟ್ಟಗದ ಏನ್ರಿ? ದುಡ್ಡೆಲ್ಲಾ ಕೈಗಿ ಬಂದಿಲ್ಲ, ಹಂಗಾಮು ಹತ್ರ ಬಂದದ. ಅಮೆರಿಕಾದವ್ರು ಸುಮ್ಮ ಅಮೆರಿಕಾದಾಗ ಇರ್ಲಿ" ಅಂದಳು. ಅವಳ ಮಾತು ಬರೋಬರಿ ಇತ್ತು. ಆದರೆ ಮರುದಿನ ಮಿಲ್ಲಿಗೆ ಹೋದಾಗ ಸಾವ್ಕಾರರು ಹತ್ತು ಜನ ವ್ಯಾಪಾರಿಗಳ ಮುಂದೆ ನನ್ನ ಕಡೆ ಬೆರಳು ಮಾಡಿ, "ಇಂವನೂ ಮಾಡ್ತೇನಿ ಅಂತ ಬಂದಿದ್ದ. ಎಲ್ಲಿ ಅಮೆರಿಕಾದವ, ಎಲ್ಲಿ ಇಂವ!" ಎಂದು ನಕ್ಕರು. ವ್ಯಾಪಾರಿಗಳೂ ನಕ್ಕರು. ಅವರು ಎದ್ದು ಹೋಗುವ ತನಕ ಹೇಗೋ ಹಲ್ಲು ಕಚ್ಚಿ ಕೂತೆ. ಆಮೇಲೆ ತಡೆಯಲಿಲ್ಲ.

"ಸಾವ್ಕಾರ್ರೆ, ಆ ಅಮೆರಿಕಾದವ ನಾನೇ ರೀ!"

ಅವರು ನನ್ನನ್ನು ನೋಡಿದರು. ಆಮೇಲೆ ನಗಲು ಶುರು ಮಾಡಿದರು, ಕೆಮ್ಮು ಬರುವ ತನಕ ನಕ್ಕರು. "ನೀ ಅಮೆರಿಕಾದವ ಆದ್ರ ನಾ ನಿಜಾಮ!" ಎಂದರು. ನಾನು ಬಿಡಲಿಲ್ಲ. ಎಲ್ಲ ಬಿಡಿಸಿ ಹೇಳಿದೆ: ಸಂತೆ, ಸವಾಲು, ಬದಲಿಸದೆ ಬಿಟ್ಟ ದೇಶ. ಇನ್ನೂ ಸೊಲ್ಲಾಪುರಕ್ಕೆ ಹೋಗದ ಮುಂದಿನ ಭಾಗದ ನಮೂನೆಯನ್ನು ಚೀಲದಿಂದ ತೆಗೆದು ಮುಂದಿಟ್ಟೆ. ಅವರ ನಗು ನಿಂತಿತು. ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಎಲೆಗೆ ಸುಣ್ಣ ಸವರತೊಡಗಿದರು. ಬೈಯುತ್ತಾರೋ, ತಬ್ಬಿಕೊಳ್ಳುತ್ತಾರೋ?

"ಹಂಗಾರ ಒಂದು ಮಾತು ಕೇಳ್ತೇನಿ, ವಿಚಾರ ಮಾಡಿ ಹೇಳು" ಎಂದರು ಸಾವ್ಕಾರರು, ಮಗನಿಗೆ ಹೇಳಿದಷ್ಟು ಮೆತ್ತಗೆ. "ಈಗ ಮಾತಾಡಿದ ರೇಟು ಅಮೆರಿಕಾದವ್ನಿಗಿ ಸಸ್ತಾ ರೇಟು. ಅದೇ ರೇಟು ನಿನಗ ತುಟ್ಟಿ ಆಗ್ತದ. ನೀ ಮನಿ ಹುಡುಗ, ನಿಮ್ಮಪ್ಪ ನಾನು ಒಂದೇ ತಾಟಿನಾಗ ಉಂಡವ್ರು. ನೀನೇ ಇದ್ರ ಅರ್ಧಾ ಕೊಡ್ತೇನಿ. ಜೇವರ್ಗಿಯವ್ರಿಗೂ ಅಫಜಲಪುರದವ್ರಿಗೂ ಅದೇ ರೇಟು ಹೇಳ್ತೇನಿ. ಅಂವ ಇದ್ರ ಮಾತಿನ ಪ್ರಕಾರ ಪೂರ್ತಿ, ಎಲ್ಲಾರೂ ಪೂರ್ತಿ ಕೊಡ್ತೇವಿ. ನನಗೇನು, ಯಾರಾದ್ರೂ ಸೈ. ಹೇಳು ಮಾಸ್ತರ, ಯಾರು ಅಮೆರಿಕಾದವ?"

ಇಷ್ಟು ವರ್ಷ ಬೇಕಾದ್ದಕ್ಕೂ ಬೇಡದ್ದಕ್ಕೂ ಬೆಚ್ಚಿದವನು ನಾನು. ಅವೆಲ್ಲ ಇದರ ಮುಂದೆ ಏನೂ ಅಲ್ಲ. ಅರ್ಧ ಎಂದರೆ ಹವಳಗಾ. ಅರ್ಧ ಎಂದರೆ ಕಾಟಾ, ಬಾರುಕೋಲು, ಶಾಂತಾಳ ಸೋದರಮಾವನ ಉಪಕಾರ. ಅವರ ಕಣ್ಣಲ್ಲಿ ಕೀಟಲೆ ಇದೆಯೋ ಲೆಕ್ಕ ಇದೆಯೋ ಎಂದು ಹುಡುಕಿದೆ. ಸಾವ್ಕಾರರ ಕಣ್ಣು, ಏನೂ ತಿಳಿಯಲಿಲ್ಲ. ಮುಂದಿಟ್ಟ ಹಾಳೆಯನ್ನು ನಿಧಾನಕ್ಕೆ ಮಡಚಿ ಚೀಲಕ್ಕೆ ಹಾಕಿಕೊಂಡೆ.

"ಅವನೇ ರೀ," ಎಂದೆ. "ನಾ ಸುಮ್ಮ ಚಾಷ್ಟಿ ಮಾಡಿದೆ."

"ನನಗ ಗೊತ್ತಿತ್ತು," ಎಂದು ಸಾವ್ಕಾರರು ಎಲೆಯನ್ನು ಬಾಯಿಗೆ ಹಾಕಿಕೊಂಡರು. "ಅಂವ ಭಾಳ ಶ್ಯಾಣ್ಯಾ ಮನಷ್ಯಾ. ನೀನೂ ಅವ್ನ ನೋಡಿ ಜರಾ ಕಲಿ."

"ಕಲೀತೇನ್ರಿ" ಎಂದೆ.