ಗುರಣ್ಣನ ನುಗ್ಗಿ ಪಲ್ಯ

ಕಾಶಿಬಾಯಿಗೆ ರಕ್ತ ಕಡಿಮೆ ಇದೆ, ನುಗ್ಗೆ ಸೊಪ್ಪು ಚೆನ್ನಾಗಿ ತಿನ್ನಿಸಿ ಎಂದು ನರ್ಸಮ್ಮ ಹೇಳಿಹೋದಂದಿನಿಂದ ಮಸೂತಿ ಊರಿನ ಗುರಣ್ಣನಿಗೆ ಸಮಾಧಾನವಿರಲಿಲ್ಲ. ಏಳು ತಿಂಗಳ ಬಸುರಿ ಹೆಂಡತಿ. ಆದರೆ ತಾಯಿ ಸಿದ್ದವ್ವ, "ನುಗ್ಗಿ ತಪ್ಪಲಾ ಉಷ್ಣ. ನಮ್ಮ ಮನ್ಯಾಗ ಬಸುರಿಗೆ ಅದು ನಡಿಯೂದಿಲ್ಲ" ಎಂದು ಓಣಿಗೆಲ್ಲ ಕೇಳುವಂತೆ ಸಾರಿಬಿಟ್ಟಿದ್ದಳು. ತಾಯಿಗೆ ಎದುರಾಡುವ ಧೈರ್ಯ ಗುರಣ್ಣನಿಗೆ ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಮಂಗಳವಾರ ಅಂಗನವಾಡಿಯಲ್ಲಿ ಬಸುರಿ-ಬಾಣಂತಿಯರಿಗೆ ಅಡುಗೆ ಕಲಿಸುತ್ತಾರೆಂದು ತಿಳಿಯಿತು. ಸೊಸೆಯನ್ನು ಸಿದ್ದವ್ವ ಕಳಿಸುವವಳಲ್ಲ. "ಗಿರಣಿಗೆ ಹೋಗಿ ಬರ್ತೇನಿ ಯವ್ವಾ" ಎಂದು ಜೋಳದ ಚೀಲ ಹೊತ್ತು ಗುರಣ್ಣನೇ ಹೋದ.

ಹನ್ನೆರಡು ಹೆಂಗಸರ ನಡುವೆ ಅವನು ಬಳೆ ಅಂಗಡಿಗೆ ನುಗ್ಗಿದ ಎತ್ತಿನಂತೆ ಮೈ ಮುದುಡಿ ಕೂತ.

"ಚಲೋ ಆತು ಗುರಣ್ಣಾರ, ಇವತ್ತ ನೀವ ಮಾಡಿ ತೋರಸ್ರಿ" ಎಂದು ಅಂಗನವಾಡಿಯ ವಿದ್ಯಾವತಿ ಅಕ್ಕೋರು ಸೌಟು ಕೊಟ್ಟರು.

ಬೇಳೆ ಬೆಂದಿತು. ತಪ್ಪಲು ಬಿತ್ತು. ಕಂಕುಳಲ್ಲಿ ಕೂಸು ಹೊತ್ತ ಸುಲ್ತಾನಬಿ, "ಉಪ್ಪ ಮರತಿಯಲ್ಲೋ ಗುರಣ್ಣ" ಎಂದು ತಾನೇ ಹಾಕಿದಳು. ಅದನ್ನು ಕಾಣದ ಸುರೇಖಾ ಇನ್ನೊಂದು ಹಿಡಿ ಹಾಕಿದಳು. ಇಬ್ಬರನ್ನೂ ಗಮನಿಸದ ಗುರಣ್ಣ, ಅಕ್ಕೋರು ಹೇಳಿದಂತೆ ಮತ್ತಷ್ಟು ಹಾಕಿದ.

ಅಕ್ಕೋರು ರುಚಿ ನೋಡಿದರು. ಒಂದು ಲೋಟ ನೀರು ಕುಡಿದರು. "ಸತ್ವಾ ಅಂತೂ ಐತ್ರಿ" ಎಂದರು.

ಗುರಣ್ಣ ಪಲ್ಯದ ಡಬ್ಬಿಯನ್ನು ಜೋಳದೊಳಗೆ ಹುದುಗಿಸಿಕೊಂಡು ಮನೆಗೆ ಬಂದ. ಬಾಗಿಲಲ್ಲೇ ಸಿದ್ದವ್ವ ಕೂತಿದ್ದಳು.

"ಹಿಟ್ಟ ಸಣ್ಣಗ ಬೀಸ್ಯಾರೇನು?" ಎನ್ನುತ್ತ ಚೀಲಕ್ಕೆ ಕೈ ಹಾಕಿದಳು. ಒಂದು ಹಿಡಿ ಜೋಳ ಬಂತು. ಮತ್ತೆ ಹಾಕಿದಳು. ಡಬ್ಬಿ ಬಂತು. ಮುಚ್ಚಳ ತೆಗೆದರೆ ನುಗ್ಗಿ ತಪ್ಪಲು.

ತಾಯಿಯೆದುರು ಗುರಣ್ಣನ ಬಾಯಿ ಮೊದಲ ಸಲ ತೆರೆಯಿತು. "ಕಾಶಿಗೆ ರಕ್ತ ಕಮ್ಮಿ ಐತಿ ಯವ್ವಾ. ನೀ ಬೈದರ ಬೈಯಿ. ಈ ನುಗ್ಗಿ ಪಲ್ಯಾ ಅಂಗನವಾಡ್ಯಾಗ ನಾನ ಮಾಡೀನಿ, ಇದನ್ನ ಆಕಿಗೆ ಉಣಸಾಂವನ ನಾ."

ಸಿದ್ದವ್ವ ತಲೆ ತಗ್ಗಿಸಿದಳು. ಒಳಗಿನಿಂದ ಕಾಶಿಬಾಯಿಯ ದನಿ ಬಂತು. "ನನಗ ಬ್ಯಾಡ್ರಿ. ಹದಿನೈದ ದಿನಾ ಆತು, ನೀವು ಹೊಲಕ್ಕ ಹೋದ ಕೂಡಲೆ ಅತ್ತಿ ಇದನ್ನ ಉಣಸಾಕತ್ತಾರ. ಯಾರಿಗೂ ಹೇಳಬ್ಯಾಡಂತ ಆಣಿ ಹಾಕಸ್ಯಾರ."

"ನರ್ಸಮ್ಮ ನನ್ನ ಕರದು ಬೈದಿದ್ಲೋ" ಎಂದಳು ಸಿದ್ದವ್ವ ಮೆಲ್ಲಗೆ. "ಓಣಿಗೆಲ್ಲ ಬ್ಯಾಡಂತ ಸಾರಿದಾಕಿ, ಎಲ್ಲಾರ ಕಣ್ಣಮುಂದ ಹ್ಯಾಂಗ ಮಾಡ್ಲಿ?"

ಎದೆಯ ಭಾರ ಇಳಿದು ಗುರಣ್ಣ ಅಲ್ಲೇ ಕುಸಿದು ಕೂತ. ಸಿದ್ದವ್ವ ಎರಡು ರೊಟ್ಟಿಯ ಮೇಲೆ ಪಲ್ಯವನ್ನೆಲ್ಲ ಸುರಿದು ಅವನ ಮುಂದಿಟ್ಟಳು. ಮೊದಲ ತುತ್ತಿಗೇ ಅವನ ಕಣ್ಣಲ್ಲಿ ನೀರು ಬಂತು. ತಾಯಿ ಅದನ್ನು ಪ್ರೀತಿಯೆಂದುಕೊಂಡಳು.

"ಅಡಗಿ ಕಲತಿ, ಚಲೋ ಆತು. ನನಗೂ ಮೊಣಕಾಲ ನೋವು. ಹೆರಿಗಿ ಆಗೂತನಕ ಒಲಿ ನಿಂದು."

"ಬಾಣಂತನಾ ಮುಗಿಯೂತನಕ ಅನ್ರಿ ಅತ್ತಿ" ಎಂದಳು ಕಾಶಿಬಾಯಿ.