ಅಜ್ಜಿ ಏರ್ಪಡಿಸಿದ ಪ್ರವೇಶ ಪರೀಕ್ಷೆ

ಮೊಮ್ಮಗಳು ಮುಂದೆ ಏನು ಓದಬೇಕೆಂದು ಮನೆಯಲ್ಲಿ ಎಲ್ಲರೂ ಅಪ್ಪಣೆ ಕೊಡಿಸಿ ಆಗಿತ್ತು. ಅಜ್ಜಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಮಂಡಿ ನೋವಿನವರಿಗೆ ತಲೆಯೂ ಓಡುವುದಿಲ್ಲ ಅಂದುಕೊಂಡರೋ ಏನೋ! (ಆ ಮಂಡಿ ನೋವಿನ ದೆಸೆಯಿಂದಲೇ ಬೆಳಗಿನ ಟೀ ಅಜ್ಜಿಯ ಮಂಚದ ತನಕ ನಡೆದು ಬರುತ್ತಿತ್ತು ಎನ್ನುವುದು ಬೇರೆ ಮಾತು.)

ಜೀವಶಾಸ್ತ್ರ ಎನ್ನುವುದಷ್ಟೇ ಗಟ್ಟಿ. ಅದರಲ್ಲಿ ಯಾವುದು ಎಂಬುದಕ್ಕೇ ಮಹಾಯುದ್ಧ. ಔಷಧಿ ಅಂಗಡಿ ಇಟ್ಟಿದ್ದ ಮಗ ಬಯೋಟೆಕ್ನಾಲಜಿ ಎಂದು ಪಟ್ಟು ಹಿಡಿದಿದ್ದ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಸೊಸೆಗೆ ಮೈಕ್ರೋಬಯಾಲಜಿಯೇ ಆಗಬೇಕು.

"ಲ್ಯಾಬಲ್ಲಿ ತಣ್ಣಗೆ ಕೂತು ಕೆಲಸ ಮಾಡ್ಲಿ ರೀ. ನನ್ನ ಹಾಗೆ ಕಾಲು ಸವೆಸೋದು ಬೇಡ."

"ಕ್ರಿಮಿ ನೋಡ್ಕೊಂಡು ಕೂರೋಕೆ ಹೆತ್ಯೇನೇ ಅವಳನ್ನ?"

"ಆ ಕ್ರಿಮಿಗಳಿಂದಲೇ ಅಲ್ವಾ ನಿಮ್ಮ ಅಂಗಡಿ ನಡೀತಿರೋದು?"

ಅಜ್ಜಿಯ ಗುಪ್ತ ಮತ ಸಸ್ಯಶಾಸ್ತ್ರಕ್ಕೆ. ಬಾಲ್ಕನಿಯ ಕುಂಡಗಳನ್ನು ನೋಡಿಕೊಳ್ಳಲು ಮನೆಯಲ್ಲೇ ಒಬ್ಬ ಪಂಡಿತೆ ಸಿಕ್ಕಂತಾಗುತ್ತಿತ್ತು.

ಗುಬ್ಬಿ (ಮೊಮ್ಮಗಳನ್ನು ಅಜ್ಜಿ ಕರೆಯುತ್ತಿದ್ದುದು ಹಾಗೆ) ಊಟಕ್ಕೆ ಬಿಟ್ಟರೆ ಬಾಯಿ ತೆರೆಯುತ್ತಿರಲಿಲ್ಲ. ಬೆಳಗಾದರೆ ಕಾಲೇಜಿಗೆ ಹೋಗಿ ಯಾವುದಾದರೂ ಒಂದನ್ನು ಹೇಳಲೇಬೇಕು. ತಪ್ಪಿದರೆ ವರ್ಷಗಟ್ಟಲೆ ಅನುಭವಿಸುವವಳು ಅವಳು, ಇವರಲ್ಲ. ಅಜ್ಜಿ ಮಂಚದ ಮೇಲೆ ಎದ್ದು ಕೂತಳು.

ಕೂತಲ್ಲೇ ಉಪಾಯ ಬಂತು. ಬಾಯಲ್ಲಿ ಬಾರದ ಮನಸ್ಸು ಕೈಯಲ್ಲಾದರೂ ಬಂದೀತು! ಗುಬ್ಬಿ ಯಾವುದಕ್ಕೆ ಕೈ ಹಾಕುತ್ತಾಳೋ ಅದೇ ಅವಳ ಶಾಸ್ತ್ರ. ಸಂಜೆ ಅಜ್ಜಿ ಊಟದ ಮೇಜಿನ ಮೇಲೆ ಬಾಡಿದ ಗಿಡದ ಕುಂಡವೊಂದನ್ನು ಇಟ್ಟಳು. ಪಕ್ಕದಲ್ಲಿ, ಕಪಾಟಿನ ಮೂಲೆಯಲ್ಲಿ ಬೂಷ್ಟು ಹಿಡಿದಿದ್ದ ಬ್ರೆಡ್ಡು. (ಮಗನ ಶಾಸ್ತ್ರಕ್ಕೂ ಸೊಸೆಯ ಶಾಸ್ತ್ರಕ್ಕೂ ಅದೊಂದೇ ಸಾಕು.) ಯಾರೂ ಹೆಸರೆತ್ತದ ಪ್ರಾಣಿಶಾಸ್ತ್ರದ ಪಾಲಿಗೆ ಸಿಂಕಿನ ಕೆಳಗೆ ಅಂಗಾತ ಬಿದ್ದಿದ್ದ ಜಿರಲೆಯನ್ನು ಪೊರಕೆಯಿಂದ ಬಟ್ಟಲಿಗೆ ತಳ್ಳಿ ತಂದಳು. ಸತ್ತದ್ದಕ್ಕೆ ಮುಚ್ಚಳ ಯಾಕೆ?

ಎಲ್ಲರೂ ಟೀ ಕುಡಿಯಲು ಬಂದರು.

"ಅತ್ತೆ, ಇದೇನಿದು, ಮೇಜಿನ ಮೇಲೆ ಬೂಷ್ಟು!"

"ಮುಟ್ಟಬೇಡಮ್ಮ, ಅದು ಪ್ರಶ್ನೆಪತ್ರಿಕೆ!"

ಅಷ್ಟರಲ್ಲಿ ಪ್ರಶ್ನೆಪತ್ರಿಕೆಯ ಒಂದು ಪ್ರಶ್ನೆ ಮೀಸೆ ಅಲ್ಲಾಡಿಸಿತು. ಬಟ್ಟಲಿನ ಅಂಚಿಗೆ ಬಂದು, ಸಭಾಸದರನ್ನೆಲ್ಲ ಒಮ್ಮೆ ಅವಲೋಕಿಸಿ, ಹಾರಿ ನೆಲಕ್ಕಿಳಿಯಿತು.

ಆಮೇಲೆ ನಡೆದದ್ದು ಪ್ರಳಯ. ಜಿರಲೆ ಔಷಧಿಯನ್ನು ಊರಿಗೆಲ್ಲ ಮಾರುವ ಮಗ ಬಾಗಿಲ ಹಿಂದೆ ಮರೆಯಾದ. ರಕ್ತ ಕಂಡರೂ ಕಣ್ಣು ಮಿಟುಕಿಸದ ಸೊಸೆ ಕಿರುಚಿ ಎಸೆದ ಚಪ್ಪಲಿ ಹೂಕುಂಡಕ್ಕೆ ಬಿತ್ತು. ತನಗೇನಾಯಿತೆಂದು ಅಜ್ಜಿಗೇ ತಿಳಿಯಲಿಲ್ಲ.

ಗುಬ್ಬಿ ಮಾತ್ರ ಲೋಟವನ್ನು ಅಲುಗಿಸದೆ ನೋಡುತ್ತ ಕೂತಿದ್ದಳು. ಉಳಿದವರು ಜಿರಲೆಯನ್ನು ನೋಡುತ್ತಿದ್ದರೆ ಅವಳು ಇವರನ್ನು ನೋಡುತ್ತಿದ್ದಳು. ಆಮೇಲೆ ಮೆಲ್ಲನೆದ್ದು ಜಿರಲೆಯನ್ನು ಬಟ್ಟಲಲ್ಲಿ ಮುಚ್ಚಿ, ಅಡಿಗೊಂದು ರಟ್ಟು ತೂರಿಸಿ, ಹೊರಗೆ ಬಿಟ್ಟು ಬಂದಳು.

"ನಾನು ಪ್ರಾಣಿಶಾಸ್ತ್ರ ಓದ್ತೀನಿ," ಎಂದಳು. "ಯಾವ ಪ್ರಾಣಿ ಯಾವಾಗ ಏನು ಮಾಡುತ್ತೆ, ಯಾಕೆ ಮಾಡುತ್ತೆ ಅಂತ ನೋಡೋ ಆಸೆ ನಂಗೆ. ಹೇಳೋಕೆ ನೀವು ಬಿಟ್ರೆ ತಾನೆ?"

"ಜಿರಲೆ ಹಿಡಿಯೋಕೆ ಡಿಗ್ರಿ ಬೇರೆ ಬೇಕಾ?" ಬಾಗಿಲ ಹಿಂದಿನಿಂದ ಧ್ವನಿ ಬಂತು.

"ಜಿರಲೆ ಒಂದೇ ಅಲ್ಲಪ್ಪ. ಹೆದರಿದಾಗ ನೀವು ಬಚ್ಚಿಟ್ಕೊಂಡ್ರಿ. ಅಮ್ಮ ಹೊಡೆಯೋಕೆ ಹೋದ್ಲು. ಜಿರಲೆ ಸತ್ತ ಹಾಗೆ ನಟಿಸಿ ಅಜ್ಜೀನ ಏಮಾರಿಸ್ತು. ಮೂವರಲ್ಲಿ ಅದೇ ಜಾಣ."

ಎಂಥ ಕಣ್ಣು! ಎಂಥ ಧೈರ್ಯ! ಅಜ್ಜಿಯ ಎದೆ ಉಬ್ಬಿತು. ಸಸ್ಯಶಾಸ್ತ್ರಕ್ಕೆ ಅಲ್ಲೇ ಎಳ್ಳುನೀರು ಬಿಟ್ಟಳು.

"ನೋಡಿದ್ರಾ, ನನ್ನ ಪರೀಕ್ಷೇಲಿ ಪಾಸಾದ್ಲು! ನನ್ನ ಮೊಮ್ಮಗಳ ಕಣ್ಣು ತಪ್ಪಿಸಿ ಏನೂ ಹೋಗಲ್ಲ, ತಿಳ್ಕೊಳ್ಳಿ! ಯಾರೂ ಅಡ್ಡ ಬರಬೇಡಿ!"

"ಬರಲ್ಲ ಬಿಡಿ," ಎಂದಳು ಸೊಸೆ.

ಗುಬ್ಬಿ ತಲೆಯೆತ್ತಿ ಅಜ್ಜಿಯನ್ನು ನೋಡಿದಳು. "ಅದಿರ್ಲಿ ಅಜ್ಜಿ, ಮಂಡಿ ನೋವು ಹೇಗಿದೆ?"

ಬಾಗಿಲ ಹಿಂದಿನಿಂದ ಈಚೆ ಬಂದ ಮಗನೂ, ಸೊಸೆಯೂ ತಲೆಯೆತ್ತಿದರು. ಅಜ್ಜಿ ಊಟದ ಮೇಜಿನ ಮೇಲೆ, ಕುಂಡಕ್ಕೂ ಬ್ರೆಡ್ಡಿಗೂ ನಡುವೆ, ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಿದ್ದಳು.

ಈಗ ಟೀ ಮಂಚಕ್ಕೆ ಬರುವುದಿಲ್ಲ. ಅಜ್ಜಿಯೇ ಅಡುಗೆಮನೆಗೆ ಹೋಗುತ್ತಾಳೆ. ಯಾರಾದರೂ ಕಂಡಾರು ಎಂದು ಒಂದಿಷ್ಟು ಕುಂಟುತ್ತಲೇ ಹೋಗುತ್ತಾಳೆ. ಕಾಲೇಜಿಗೆ ಹೊರಟ ಗುಬ್ಬಿ ಚಪ್ಪಲಿ ಮೆಟ್ಟುತ್ತ ಹೇಳುತ್ತಾಳೆ:

"ನಿನ್ನೆ ಕುಂಟಿದ್ದು ಎಡಗಾಲು ಕಣಜ್ಜಿ."